ಹನುಮಂತನಗರದಲ್ಲಿ ಲೇಕ್ ಪ್ಲಾಸಿಡ್: ಒಂದು ಸಂಜೆಯ ಪ್ರದರ್ಶನ ಮಾಡುವುದು ಹೇಗೆ

ಚಳಿಗಾಲದ ಒಲಿಂಪಿಕ್ಸ್ ಬಗ್ಗೆ ಬೆಂಗಳೂರಿನ ಮಕ್ಕಳಿಗೆ ಹೇಳಬೇಕಾ? ಪದಕಗಳ ಪಟ್ಟಿಯಿಂದ ಶುರು ಮಾಡಬೇಡಿ. ಒಂದು ಊರನ್ನು ಹಿಡಿದುಕೊಳ್ಳಿ. ನಾನು ಹಿಡಿದುಕೊಂಡಿದ್ದು ಲೇಕ್ ಪ್ಲಾಸಿಡ್. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ, ಅಡಿರಾಂಡ್ಯಾಕ್ ಬೆಟ್ಟಗಳ ನಡುವೆ ಇರುವ ಹಳ್ಳಿ ಅದು. ಜನಸಂಖ್ಯೆ ಎರಡು ಸಾವಿರ ಚಿಲ್ಲರೆ. ಅಷ್ಟು ಸಣ್ಣ ಊರು 1932ರಲ್ಲಿ ಒಮ್ಮೆ, 1980ರಲ್ಲಿ ಇನ್ನೊಮ್ಮೆ ಚಳಿಗಾಲದ ಒಲಿಂಪಿಕ್ಸ್ ನಡೆಸಿತು. ಆ ನೆನಪನ್ನು ಊರಿನವರು ಮ್ಯೂಸಿಯಂ ಒಳಗೆ ಮಾತ್ರ ಇಟ್ಟಿಲ್ಲ, ದಿನವೂ ಬಳಸುತ್ತಾರೆ. ಪ್ರದರ್ಶನ ಮಾಡುವವರು ತೋರಿಸಬೇಕಾದದ್ದು ಇದನ್ನೇ ಎಂದು ನನ್ನ ಅಭಿಪ್ರಾಯ.

ನಾನು ಕಾಲೇಜಿನಲ್ಲಿ ಲೈಬ್ರರಿಯನ್ ಆಗಿ ನಿವೃತ್ತಳಾದವಳು. ಈಗ ಹನುಮಂತನಗರದ ನಮ್ಮ ಬೀದಿಯ ಸಣ್ಣ ವಾಚನಾಲಯ ನೋಡಿಕೊಳ್ಳುತ್ತೇನೆ. ಅಲ್ಲಿ ಮಾಡಿದ್ದನ್ನು ನೀವು ಶಾಲೆಯಲ್ಲೋ ಅಪಾರ್ಟ್‌ಮೆಂಟಿನ ಹಾಲ್‌ನಲ್ಲೋ ಮಾಡಬಹುದು. ಖರ್ಚು ಜಾಸ್ತಿ ಇಲ್ಲ. ಚಾರ್ಟ್ ಹಾಳೆ, ಸ್ಕೆಚ್ ಪೆನ್, ದಾರ, ಕ್ಲಿಪ್ ಎಲ್ಲ ಅವೆನ್ಯೂ ರೋಡಿನಲ್ಲಿ ಸಗಟು ಬೆಲೆಗೆ ಸಿಗುತ್ತವೆ.

ದಿನವನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಫೆಬ್ರವರಿ 22ಕ್ಕೆ ಹತ್ತಿರದ ಶನಿವಾರ ಒಳ್ಳೆಯದು. ಯಾಕೆ ಆ ತಾರೀಖು ಅನ್ನುವುದನ್ನು ಮುಂದೆ ಹೇಳುತ್ತೇನೆ. ಮಾರ್ಚ್ ಬಂದರೆ ಪರೀಕ್ಷೆ, ಮಕ್ಕಳನ್ನು ಯಾರೂ ಕಳಿಸುವುದಿಲ್ಲ.

ಬಾಗಿಲ ಹತ್ತಿರ ಎತ್ತರದ ಚಾರ್ಟ್ ಹಾಕಿ. ಎರಡು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ನೂರು ಮೀಟರಿಗೆ ಐದು ಸೆಂಟಿಮೀಟರ್ ಅಳತೆ ಇಟ್ಟುಕೊಳ್ಳಿ. ಲೇಕ್ ಪ್ಲಾಸಿಡ್ ಹಳ್ಳಿ ಸಮುದ್ರಮಟ್ಟದಿಂದ ಸುಮಾರು 550 ಮೀಟರ್. ಬೆಂಗಳೂರು 900 ಮೀಟರಿಗೂ ಮೇಲೆ. 1980ರಲ್ಲಿ ಬೆಟ್ಟದ ಇಳಿಜಾರಿನ ಸ್ಕೀಯಿಂಗ್ ನಡೆದ ವೈಟ್‌ಫೇಸ್ ಬೆಟ್ಟ 1,483 ಮೀಟರ್. ನಮ್ಮ ನಂದಿ ಬೆಟ್ಟ 1,478. ಮುಳ್ಳಯ್ಯನಗಿರಿ ಇವೆಲ್ಲಕ್ಕಿಂತ ಎತ್ತರ, 1,930. ಚಾರ್ಟ್ ನೋಡಿದ ಹುಡುಗಿಯೊಬ್ಬಳು, "ಮೇಡಂ, ಹಾಗಾದ್ರೆ ನಂದಿ ಬೆಟ್ಟದಲ್ಲಿ ಯಾಕೆ ಹಿಮ ಬೀಳಲ್ಲ?" ಎಂದು ಕೇಳಿದಳು. ನಿಮ್ಮಲ್ಲೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೇ ಪಕ್ಕದಲ್ಲಿ ಒಂದು ಗ್ಲೋಬ್ ಮತ್ತು ಟಾರ್ಚ್ ಇಟ್ಟಿರಿ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಲೇಕ್ ಪ್ಲಾಸಿಡ್ 44ರಲ್ಲಿ. ಚಳಿಗಾಲದಲ್ಲಿ ಅಲ್ಲಿ ಬಿಸಿಲು ತೀರಾ ಓರೆಯಾಗಿ ಬೀಳುತ್ತದೆ, ಹಗಲೂ ಚಿಕ್ಕದು. ಗ್ಲೋಬ್ ಓರೆ ಮಾಡಿ ಟಾರ್ಚ್ ಬಿಟ್ಟರೆ ಸಾಕು, ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ.

ಊರಿನ ನಕ್ಷೆಯನ್ನು ಕೈಯಲ್ಲೇ ಬರೆಯಿರಿ. ಒಂದು ಎಚ್ಚರಿಕೆ. ಹಳ್ಳಿಯ ಮುಖ್ಯ ಬೀದಿ ಇರುವುದು ಮಿರರ್ ಲೇಕ್ ದಡದಲ್ಲಿ. ಲೇಕ್ ಪ್ಲಾಸಿಡ್ ಹೆಸರಿನ ಕೆರೆ ಅದರ ಪಕ್ಕದ್ದು, ಬೇರೆಯದು. ಎರಡನ್ನೂ ತೋರಿಸಿ. ಹೈಸ್ಕೂಲು, ಅದರ ಮುಂದಿನ ಸ್ಕೇಟಿಂಗ್ ಓವಲ್ (ಮೊಟ್ಟೆಯಾಕಾರದ ಮಂಜುಗಡ್ಡೆಯ ಟ್ರ್ಯಾಕ್), ಪಕ್ಕದ ಐಸ್ ಹಾಕಿ ರಿಂಕ್ (ಮಂಜುಗಡ್ಡೆಯ ಅಂಗಳ), ಊರ ಹೊರಗಿನ ಸ್ಕೀ ಜಂಪ್ ಗೋಪುರಗಳು, ಇಷ್ಟು ಗುರುತು ಮಾಡಿದರೆ ಸಾಕು. ಫೋಟೋ ಹುಡುಕಿ ಪ್ರಿಂಟ್ ಹಾಕುವುದಕ್ಕಿಂತ ಮಕ್ಕಳಿಂದ ಚಿತ್ರ ಬರೆಸುವುದು ವಾಸಿ. ಫೋಟೋ ಯಾರದೋ ಹಕ್ಕಿನದ್ದಾಗಿರುತ್ತದೆ, ಮತ್ತೆ ಬರೆದವರ ಅಪ್ಪ ಅಮ್ಮ ಅಜ್ಜಿ ಎಲ್ಲರೂ ನೋಡಲು ಬರುತ್ತಾರೆ.

ನಂತರದ ಮೇಜು ನನಗೆ ಬಹಳ ಹತ್ತಿರದ್ದು. ಲೈಬ್ರರಿ ಪುಸ್ತಕದ ಬೆನ್ನಿಗೆ ಅಂಟಿಸುವ ನಂಬರ್ ಚೀಟಿ ಎಲ್ಲರೂ ನೋಡಿದ್ದೇವೆ ಅಲ್ವಾ? ಚಳಿಗಾಲದ ಒಲಿಂಪಿಕ್ಸ್ ಪುಸ್ತಕಗಳಿಗೆ 796.98. ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ಆ ದಶಾಂಶ ಪದ್ಧತಿಯನ್ನು 1876ರಲ್ಲಿ ತಂದ ಮೆಲ್ವಿಲ್ ಡ್ಯೂಯಿಯೇ 1895ರಲ್ಲಿ ಲೇಕ್ ಪ್ಲಾಸಿಡ್ ಕ್ಲಬ್ ಎಂಬ ವಿಹಾರಧಾಮ ಶುರು ಮಾಡಿದ್ದು. ಬೇಸಿಗೆಯಲ್ಲಿ ಮಾತ್ರ ಜನ ಬರುತ್ತಿದ್ದ ಆ ಕಡೆ, 1904-05ರ ಚಳಿಗಾಲದಲ್ಲೂ ಕ್ಲಬ್ ಬಾಗಿಲು ತೆರೆದಿಟ್ಟಿತು. ಚಳಿಗಾಲದ ಆಟ ಅಲ್ಲಿ ಬೇರೂರಿದ್ದು ಹಾಗೆ. ಅವರ ಮಗ ಗಾಡ್‌ಫ್ರಿ ಡ್ಯೂಯಿ ಓಡಾಡಿ 1932ರ ಕ್ರೀಡಾಕೂಟವನ್ನು ಊರಿಗೆ ತಂದರು. ಅಪ್ಪ ಅದನ್ನು ನೋಡಲಿಲ್ಲ. 1931ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಇನ್ನೊಂದು ವಿಷಯವನ್ನೂ ಅದೇ ಮೇಜಿನ ಮೇಲೆ ಬರೆದಿಡಿ. ಆ ಕ್ಲಬ್ಬಿನಲ್ಲಿ ಯಹೂದಿಗಳಿಗೆ ಪ್ರವೇಶ ಇರಲಿಲ್ಲ. 1905ರಲ್ಲಿ ಇದರ ವಿರುದ್ಧ ದೂರು ಹೋಗಿ, ಡ್ಯೂಯಿ ನ್ಯೂಯಾರ್ಕ್ ರಾಜ್ಯ ಗ್ರಂಥಾಲಯದ ಹುದ್ದೆ ಬಿಡಬೇಕಾಯಿತು. 2019ರಲ್ಲಿ ಅಮೆರಿಕದ ಗ್ರಂಥಾಲಯ ಸಂಘ ತನ್ನ ಪದಕದಿಂದ ಅವರ ಹೆಸರನ್ನೇ ತೆಗೆಯಿತು. ನಾನು ನೌಕರಿಯುದ್ದಕ್ಕೂ ಅವರ ನಂಬರುಗಳನ್ನೇ ಬಳಸಿದವಳು. ಆದರೂ ಇದನ್ನು ಬಿಟ್ಟು ಊರಿನ ಕಥೆ ಹೇಳಲು ನನಗೆ ಮನಸ್ಸು ಬರಲಿಲ್ಲ.

ಮರಗಳ ಕಥೆಗೂ ಒಂದು ಹಾಳೆ ಕೊಡಿ. 1932ರ ಬಾಬ್‌ಸ್ಲೆಡ್ (ಮಂಜುಗಡ್ಡೆಯ ಇಳಿಜಾರಿನಲ್ಲಿ ಕೂತು ಜಾರುವ ಗಾಡಿ) ಹಾದಿಯನ್ನು ಸರ್ಕಾರಿ ಕಾಯ್ದಿಟ್ಟ ಕಾಡಿನಲ್ಲಿ ಮಾಡಲು ಹೊರಟಿದ್ದರು. ಆ ಕಾಡಿನ ಮರ ಕಡಿಯಬಾರದು ಎಂದು ನ್ಯೂಯಾರ್ಕ್ ರಾಜ್ಯದ ಸಂವಿಧಾನದಲ್ಲೇ ಇದೆ. 1930ರಲ್ಲಿ ಕೋರ್ಟು ತಡೆಯಿತು. ಹಾದಿ ಬೇರೆ ಬೆಟ್ಟಕ್ಕೆ ಹೋಯಿತು. ರಸ್ತೆ ಅಗಲ ಮಾಡಲು ಸಾಲುಮರ ಉರುಳಿದ್ದನ್ನು ಕಂಡ ನಮ್ಮ ಬಡಾವಣೆಯ ಹಿರಿಯರು ಈ ಹಾಳೆಯ ಮುಂದೆ ತುಂಬಾ ಹೊತ್ತು ನಿಂತರು.

ಮಕ್ಕಳಿಗೆ ಸುಮ್ನೆ ಓದಿಸಿದರೆ ಸಾಲದು, ಓಡಿಸಬೇಕು. ಊರಿನ ಹುಡುಗ ಜ್ಯಾಕ್ ಶೇ 1932ರಲ್ಲಿ ಎಲ್ಲ ಕ್ರೀಡಾಪಟುಗಳ ಪರವಾಗಿ ಪ್ರತಿಜ್ಞೆ ಓದಿದರು. ಆಮೇಲೆ 500 ಮೀಟರ್ ಸ್ಕೇಟಿಂಗನ್ನು 43.4 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. 1,500 ಮೀಟರ್ ಚಿನ್ನವೂ ಅವರದೇ. 1980ರಲ್ಲಿ ಅದೇ ಹೈಸ್ಕೂಲಿನ ಮುಂದೆ ಎರಿಕ್ ಹೈಡನ್ 500 ಮೀಟರನ್ನು 38.03 ಸೆಕೆಂಡಿನಲ್ಲಿ ಮುಗಿಸಿದರು. 500ರಿಂದ 10,000 ಮೀಟರ್ ತನಕ ಐದೂ ಚಿನ್ನ ಅವರಿಗೇ. ಹತ್ತಿರದ ಮೈದಾನದಲ್ಲಿ ನೂರು ಮೀಟರ್ ಅಳೆದು ಸುಣ್ಣದ ಗೆರೆ ಹಾಕಿ. ಐದು ಮಕ್ಕಳು ಒಬ್ಬರಾದ ಮೇಲೊಬ್ಬರು ನೂರು ನೂರು ಮೀಟರ್ ರಿಲೇ ಓಡಲಿ. ಹೈಡನ್ ಮುಗಿಸಿದ ಕ್ಷಣಕ್ಕೆ ನೀವು ಸೀಟಿ ಊದಿ. ಆಗ ಮೂರನೆಯ ಮಗು ಇನ್ನೂ ಓಡುತ್ತಿರುತ್ತದೆ. ಮಂಜುಗಡ್ಡೆಯ ಮೇಲಿನ ವೇಗ ಏನೆಂದು ಅವರಿಗೆ ಆಗ ಗೊತ್ತಾಗುತ್ತದೆ.

ಐಸ್ ಬೇಕೇ ಬೇಕು. ಮೀನಂಗಡಿಗೆ ಐಸ್ ಹಾಕುವವರ ಹತ್ತಿರ ಒಂದು ದೊಡ್ಡ ಗಡ್ಡೆ ಹೇಳಿಡಿ, ಗೋಣಿಚೀಲ ಸುತ್ತಿ ತನ್ನಿ, ದೊಡ್ಡ ತಟ್ಟೆಯ ಮೇಲೆ ನೆರಳಲ್ಲಿಡಿ. ಅದರ ಮೇಲೆ ಸ್ಟೀಲ್ ಡಬ್ಬಿ ಜಾರಿಸಲು ಬಿಡಿ. ಗಡ್ಡೆ ಕರಗುತ್ತಾ ಹೋದಂತೆ ಕಥೆ ಮುಂದುವರಿಸಿ. 1932ರಲ್ಲಿ ಅಲ್ಲೂ ಚಳಿ ಕೈಕೊಟ್ಟು ಹಿಮ ಕರಗಿತ್ತು, ನಾಲ್ವರ ಬಾಬ್‌ಸ್ಲೆಡ್ ಓಟವನ್ನು ಮುಂದಕ್ಕೆ ಹಾಕಬೇಕಾಯಿತು. 1980ರಲ್ಲಿ ಒಲಿಂಪಿಕ್ಸ್‌ಗೆ ಮೊದಲ ಸಲ ಯಂತ್ರದ ಹಿಮ ಬಳಸಿದರು. ನೀರನ್ನು ಗಾಳಿಯ ಒತ್ತಡದಿಂದ ಸಣ್ಣ ಹನಿಗಳಾಗಿ ಎರಚುತ್ತಾರೆ. ಹನಿ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ. ಅದಕ್ಕೂ ಹೊರಗೆ ಚಳಿ ಬೇಕು.

ಹಾಕಿಗೆ ಒಂದೇ ಚಾರ್ಟ್ ಸಾಕು. 1980ರ ಫೆಬ್ರವರಿ 22ರಂದು ಅಮೆರಿಕದ ಕಾಲೇಜು ಹುಡುಗರೇ ತುಂಬಿದ್ದ ತಂಡ ಸೋವಿಯತ್ ಒಕ್ಕೂಟವನ್ನು 4-3ರಿಂದ ಸೋಲಿಸಿತು. ಕೋಚ್ ಹರ್ಬ್ ಬ್ರೂಕ್ಸ್. ಗೆಲುವಿನ ಗೋಲು ನಾಯಕ ಮೈಕ್ ಎರುಜಿಯೋನಿಯದು. ಬಹಳ ಜನ ಇದನ್ನು ಫೈನಲ್ ಅಂದುಕೊಂಡಿದ್ದಾರೆ. ಅಲ್ಲ. ಎರಡು ದಿನದ ನಂತರ ಫಿನ್ಲೆಂಡನ್ನು 4-2ರಿಂದ ಗೆದ್ದ ಮೇಲೆಯೇ ಚಿನ್ನ ಬಂದದ್ದು. ಸೋವಿಯತ್ ತಂಡದವರು ಅದಕ್ಕೂ ಮುಂಚಿನ ನಾಲ್ಕೂ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದಿದ್ದರು ಎಂದೂ ಬರೆಯಿರಿ. ಇಲ್ಲದಿದ್ದರೆ ಆ ಸಂಜೆಯ ತೂಕ ತಿಳಿಯುವುದಿಲ್ಲ.

ಕಾರ್ಡುಗಳಲ್ಲಿ ನಲವತ್ತು ಪದ ದಾಟಬೇಡಿ, ಅಕ್ಷರ ದಪ್ಪಗಿರಲಿ. ಜ್ಯಾಕ್ ಶೇ ಬಗ್ಗೆ ನಾವು ಹೀಗೆ ಬರೆದೆವು: "ತಾತ 1932ರಲ್ಲಿ ಚಿನ್ನ ಗೆದ್ದರು. ಮಗ 1964ರ ಒಲಿಂಪಿಕ್ಸ್‌ನಲ್ಲಿ ಆಡಿದರು. ಮೊಮ್ಮಗ ಜಿಮ್ 2002ರಲ್ಲಿ ಸ್ಕೆಲಿಟನ್ (ಬೋರಲು ಮಲಗಿ ಮಂಜುಗಡ್ಡೆಯ ಮೇಲೆ ಜಾರುವ ಆಟ) ಚಿನ್ನ ಗೆದ್ದರು. ಅದಕ್ಕೆ ಕೆಲವೇ ವಾರ ಮೊದಲು ತಾತ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು. ಮೊಮ್ಮಗನ ಹೆಲ್ಮೆಟ್ಟಿನೊಳಗೆ ತಾತನ ಚಿತ್ರವಿತ್ತು."

ಕೊನೆಯ ಗೋಡೆಗೆ ಜಾಗ ಜಾಸ್ತಿ ಬಿಡಿ. ಆಟ ಮುಗಿದ ಮೇಲೆ ಊರಿನಲ್ಲಿ ಏನು ಉಳಿಯಿತು ಅನ್ನುವುದು ಇಲ್ಲಿ ಬರಬೇಕು. ಓವಲ್‌ನಲ್ಲಿ ಈಗಲೂ ಚಳಿಗಾಲದ ಸಂಜೆ ಊರಿನವರು ಸ್ಕೇಟ್ ಮಾಡುತ್ತಾರೆ. ಹಾಕಿ ರಿಂಕಿಗೆ ಹರ್ಬ್ ಬ್ರೂಕ್ಸ್ ಹೆಸರಿದೆ. ಮ್ಯೂಸಿಯಂ ಇದೆ. 2023ರಲ್ಲಿ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನೂ ನಡೆಸಿದರು. 1980ರಲ್ಲಿ ಕ್ರೀಡಾಪಟುಗಳು ಉಳಿದುಕೊಂಡಿದ್ದ ಕಟ್ಟಡಗಳು ಮಾತ್ರ ಜೈಲಾದವು. ಪಕ್ಕದ ರೇ ಬ್ರೂಕ್‌ನಲ್ಲಿ ಇವತ್ತಿಗೂ ಅದು ಕೇಂದ್ರ ಸರ್ಕಾರದ ಸೆರೆಮನೆ.

ಅದರ ಪಕ್ಕದಲ್ಲೇ ಕೋರಮಂಗಲದ ನ್ಯಾಷನಲ್ ಗೇಮ್ಸ್ ವಿಲೇಜ್ ಚಿತ್ರ ಹಾಕಿ. 1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ಬೆಂಗಳೂರಿಗೆ ಬಂದಾಗ ಆಟಗಾರರಿಗಾಗಿ ಕಟ್ಟಿದ ಮನೆಗಳು ಅವು. ಈಗ ಸಂಸಾರಗಳು ಇವೆ. ಎಷ್ಟೋ ಮಕ್ಕಳು ಆ ಹೆಸರು ಕೇಳಿದ್ದಾರೆ, ಅದರಲ್ಲಿ "ಗೇಮ್ಸ್" ಯಾಕಿದೆ ಎಂದು ಕೇಳಿಲ್ಲ.

ಈ ಗೋಡೆಯ ಮುಂದೆ ಒಂದು ಖಾಲಿ ಮೇಜು ಹಾಕಿ, ವಾರ ಮುಂಚೆಯೇ ಮನೆಮನೆಗೆ ಹೇಳಿ ಕಳಿಸಿ: 1997ರ ಟಿಕೆಟ್, ಬ್ಯಾಡ್ಜ್, ಕಂಠೀರವದಲ್ಲಿ ತೆಗೆಸಿದ ಫೋಟೋ ಏನಿದ್ದರೂ ತನ್ನಿ. ತಂದವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ವಸ್ತುವಿನ ಫೋಟೋ ತೆಗೆದುಕೊಳ್ಳಿ. ಹೆಸರು, ವರ್ಷ, ಜಾಗ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಅಲ್ಲೇ ಬರೆದುಕೊಳ್ಳಿ. ಹಳೆಯ ಫೋಟೋಗೆ ಅಂಟು, ಪಿನ್ನು ಮುಟ್ಟಿಸಬೇಡಿ. ತಂದದ್ದನ್ನು ಅದೇ ಸಂಜೆ ಅವರ ಕೈಗೇ ವಾಪಸ್ ಕೊಡಿ.