ಟಿಕೆಟ್ ನಾವೇ ತೆಗೆದೆವು: ಮಡಿಕೇರಿಯ ಒಂದು ಗೋಷ್ಠಿಯ ಅನುಭವ

2024ರ ಜನವರಿ. ಮಡಿಕೇರಿಯಲ್ಲಿ ಎರಡು ಆಯಾಮದ ವಸ್ತುಗಳು, ಅಂದರೆ ಪರಮಾಣುಗಳಷ್ಟೇ ತೆಳುವಾದ ಹಾಳೆಗಳ ಬಗ್ಗೆ ನಮ್ಮ ವಿಜ್ಞಾನ ಗೋಷ್ಠಿ ಶುರುವಾಗಲು ಇನ್ನು ನಾಲ್ಕೇ ದಿನ. ಸಂಶೋಧನೆ ಮಾಡುತ್ತಿದ್ದ ಕಲಬುರಗಿ ಕಡೆಯ ಒಬ್ಬ ಹುಡುಗಿ ಫೋನ್ ಮಾಡಿದಳು. "ಮೇಡಂ, ನನ್ನ ಜಾಗ ಬ್ಯಾರೆ ಯಾರಿಗಾರ ಕೊಡ್ರಿ. ನನಗ ಬರಾಕ ಆಗಂಗಿಲ್ಲ" ಅಂದಳು.

ಯಾಕಮ್ಮಾ ಅಂತ ಕೇಳಿದೆ. ಮೊದಲು ಹುಷಾರಿಲ್ಲ ಅಂದಳು. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ನಿಜ ಹೇಳಿದಳು. ಐದು ತಿಂಗಳಿಂದ ಫೆಲೋಶಿಪ್ ಹಣ ಬಂದಿಲ್ಲ. ಕೈಯಲ್ಲಿ 3,000 ರೂಪಾಯಿ ಇಲ್ಲ.

ಅವಳಿಗೆ ಪ್ರಯಾಣದ ಖರ್ಚು ಕೊಡುತ್ತೇವೆ ಅಂತ ನಾವು ಪತ್ರ ಕಳಿಸಿದ್ದೆವು. ಆದರೆ ಹೇಗೆ? ನೀವು ಮೊದಲು ನಿಮ್ಮ ದುಡ್ಡಲ್ಲಿ ಬನ್ನಿ, ಟಿಕೆಟ್ ಜೋಪಾನವಾಗಿ ಇಟ್ಟುಕೊಳ್ಳಿ, ಬಿಲ್ ಕೊಡಿ, ಆಮೇಲೆ ಖಾತೆಗೆ ಹಾಕುತ್ತೇವೆ. ಎಲ್ಲ ಕಡೆ ಹೀಗೇ ನಡೆಯುತ್ತದೆ. ನಾವೂ ಹಾಗೇ ಮಾಡಿದ್ದೆವು. ಆ ವರ್ಷ ನೆರವಿಗೆ ಆರಿಸಿದ 15 ಜನರಲ್ಲಿ ಐವರು ಬರಲಿಲ್ಲ. ಉಳಿದ ನಾಲ್ವರು ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾಕಂದ್ರೆ ಇದೇ ಕಷ್ಟ ನಾನೂ ಪಟ್ಟವಳು. 2016ರಲ್ಲಿ ಪಿಎಚ್‌ಡಿ ಮಾಡುವಾಗ ಯುರೋಪಿನ ಒಂದು ಸಮ್ಮೇಳನದಲ್ಲಿ ನನ್ನ ಭಾಷಣಕ್ಕೆ ಅವಕಾಶ ಸಿಕ್ಕಿತ್ತು. ನೆರವು ಮಂಜೂರಾಗಿತ್ತು, ಆದರೆ ಹಣ ಮಾತ್ರ ಹೋಗಿ ಬಂದ ಮೇಲೆ. ಅಮ್ಮ ಬಳೆ ಅಡವಿಟ್ಟರು. ಹಣ ಬರಲು ಏಳು ತಿಂಗಳಾಯಿತು. ಅಷ್ಟೂ ತಿಂಗಳು ಬರಿಗೈ ಕಾಣದಿರಲಿ ಅಂತ ಅಮ್ಮ ಗಾಜಿನ ಬಳೆ ಹಾಕಿಕೊಂಡಿದ್ದರು. ಅದನ್ನು ಮರೆತು ನಾನೇ ಇನ್ನೊಬ್ಬರ ಮಗಳಿಗೆ ಅದೇ ನಿಯಮ ಇಟ್ಟಿದ್ದೆನಲ್ಲ ಅಂತ ಬೇಜಾರಾಯಿತು.

ಬೇರೆ ದಾರಿ ಇದೆ ಅಂತ ನನಗೆ ಗೊತ್ತಿತ್ತು. ಇಟಲಿಯ ಟ್ರಿಯೆಸ್ಟೆಯಲ್ಲಿ ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ ಐಸಿಟಿಪಿ ಎಂಬ ಭೌತವಿಜ್ಞಾನ ಸಂಸ್ಥೆಗೆ ಒಮ್ಮೆ ಹೋಗಿದ್ದೆ. ಅಲ್ಲಿ ನೋಂದಣಿ ಶುಲ್ಕ ಇಲ್ಲ. ನಮ್ಮಂಥ ದೇಶಗಳಿಂದ ಬರುವ ಎಷ್ಟೋ ಜನರಿಗೆ ವಾಸ, ಪ್ರಯಾಣದ ಖರ್ಚನ್ನೂ ನೋಡಿಕೊಳ್ಳುತ್ತಾರೆ. ನನಗೆ ಕೋಣೆ ಸಿದ್ಧವಿತ್ತು. ತಲೆಯಲ್ಲಿ ದುಡ್ಡಿನ ಲೆಕ್ಕ ಓಡದೆ ವಿಜ್ಞಾನ ಕೇಳಿದ್ದು ಜೀವನದಲ್ಲಿ ಅದೇ ಮೊದಲು.

ಹಾಗಾಗಿ 2025ರ ಜನವರಿಯ ಗೋಷ್ಠಿಗೆ ಒಂದೇ ಒಂದು ತೀರ್ಮಾನ ಮಾಡಿದೆವು. ಬರುವ ಮಕ್ಕಳ ಜೇಬಿನಿಂದ ಒಂದು ರೂಪಾಯಿಯೂ ಮೊದಲು ಹೋಗಬಾರದು.

ಹೇಳೋದು ಸುಲಭ. ಸರ್ಕಾರಿ ನೆರವಿನ ಹಣವನ್ನು ವಿದ್ಯಾರ್ಥಿಯ ಕೈಗೆ ಮುಂಗಡವಾಗಿ ಕೊಡಲು ನಮ್ಮ ಲೆಕ್ಕಪತ್ರದವರು ಒಪ್ಪಲಿಲ್ಲ. ಕೊನೆಗೆ ಹಣ ಸರಿಯಾಗಿ ಖರ್ಚಾಗಿದೆ ಅಂತ ಬಳಕೆ ಪ್ರಮಾಣಪತ್ರ ಕೊಡುವವರು ಅವರು, ಅದರ ಸರ್ಕಾರಿ ನಮೂನೆಯಾದ ಜಿಎಫ್‌ಆರ್ 12-ಎಗೆ ಸಹಿ ಹಾಕುವವರು ಅವರು. ಅವರ ಭಯದಲ್ಲಿ ತಪ್ಪಿಲ್ಲ. ಎರಡು ವಾರ ಓಡಾಡಿದ ಮೇಲೆ ದಾರಿ ಸಿಕ್ಕಿತು. ಹಣ ಕೊಡೋದು ಬೇಡ, ಟಿಕೆಟ್ ನಾವೇ ತೆಗೆಯೋಣ. ರೈಲು ಟಿಕೆಟ್ ಗೋಷ್ಠಿಯ ಖಾತೆಯಿಂದಲೇ ಬುಕ್ ಆಯಿತು. ಬಿಲ್ ನೇರವಾಗಿ ನಮ್ಮ ಹೆಸರಿಗೇ ಬಂತು, ಲೆಕ್ಕ ಅಲ್ಲಿಗೇ ಮುಗಿಯಿತು. ವಿದ್ಯಾರ್ಥಿಗಳಿಂದ ಬಿಲ್ ವಸೂಲಿ ಮಾಡುವ ತಲೆನೋವೂ ತಪ್ಪಿತು. ದಾರಿಯ ಊಟ, ಆಟೊ, ಚಹಾ ಅಂತ ಒಬ್ಬೊಬ್ಬರಿಗೆ 800 ರೂಪಾಯಿ ಕೈಖರ್ಚು. ಅದನ್ನು ಊರಿನವರು ಕೊಟ್ಟ ದೇಣಿಗೆಯಿಂದ ಒಂದು ವಾರ ಮೊದಲೇ ಕಳಿಸಿದೆವು.

ಕೊಡಗಿಗೆ ರೈಲಿಲ್ಲ. ಇದು ಹೊರಗಿನವರಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಮೈಸೂರಿನಲ್ಲಿ ಇಳಿದು ಅಲ್ಲಿಂದ ಸುಮಾರು 120 ಕಿಲೋಮೀಟರ್ ಬಸ್ಸಿನಲ್ಲಿ ಬರಬೇಕು. ಹೊರರಾಜ್ಯದವರಿಗೆ ಅಂತ ಮೈಸೂರು ರೈಲು ನಿಲ್ದಾಣದಿಂದ ಒಂದು ಟೆಂಪೊ ಟ್ರಾವೆಲರ್ ಮಾಡಿದೆವು. ನಮ್ಮ ರಾಜ್ಯದ ಹುಡುಗಿಯರು ಶಕ್ತಿ ಯೋಜನೆಯಲ್ಲಿ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಆಧಾರ್ ತೋರಿಸಿ ಬಂದರು. ಅವರ ಬಸ್ ಖರ್ಚು ಸೊನ್ನೆ. ನೀವು ಕರ್ನಾಟಕದಲ್ಲಿ ಇಂಥದ್ದೇನಾದರೂ ನಡೆಸುವುದಾದರೆ ಇದನ್ನು ಬಜೆಟ್ಟಿನಲ್ಲಿ ಮರೆಯಬೇಡಿ.

ಒಬ್ಬರಿಗೆ ಸರಾಸರಿ 7,500 ರೂಪಾಯಿ ಅಂತ ಹಿಡಿದಿದ್ದೆವು. ಪ್ರಯಾಣಕ್ಕೆ 2,500, ಮೂರು ರಾತ್ರಿಯ ಕೋಣೆ ಮತ್ತು ಊಟಕ್ಕೆ 4,200, ಉಳಿದದ್ದು ಆ ಕೈಖರ್ಚು. ಕೈಯಲ್ಲಿದ್ದ ಹಣಕ್ಕೆ 18 ಜನ ಆಗುತ್ತಿದ್ದರು. ಅದು 24 ಆಗಿದ್ದು ಒಬ್ಬ ಬೆಳೆಗಾರರಿಂದ.

ಅವರು ನಮ್ಮ ಅಪ್ಪನ ಸ್ನೇಹಿತರು. ಚಿಕ್ಕಂದಿನಿಂದ ನಾನು ಮಾವ ಅಂತಲೇ ಕರೆಯೋದು. ದೇಣಿಗೆ ಕೇಳಲು ಹೋದಾಗ ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ಕಣದಲ್ಲಿ ಹಣ್ಣು ಹರಡಿದ್ದರು. ಜಗಲಿಯಲ್ಲಿ ಕೂತು ಕೇಳಿದರು: "ಎರಡು ಆಯಾಮದ ವಸ್ತು ಅಂದ್ರೆ ಏನಮ್ಮಾ? ನನಗೆ ಅರ್ಥ ಆಗೋ ಹಾಗೆ ಹೇಳು."

ಬ್ಯಾಗಿನಲ್ಲಿ ಪೆನ್ಸಿಲ್ ಕಡ್ಡಿಗೆ ಬಳಸುವ ಗ್ರಾಫೈಟ್‌ನ ಚೂರು, ಅಂಟು ಟೇಪು ಇತ್ತು. ಚೂರನ್ನು ಟೇಪಿಗೆ ಒತ್ತಿ ತೆಗೆದೆ. ಕಪ್ಪಗೆ ಮಿರಮಿರ ಹೊಳೆಯುವ ಗುರುತು ಬಿತ್ತು. ಟೇಪನ್ನು ಮಡಚಿ ಬಿಡಿಸಿದೆ. ಗುರುತು ಎರಡಾಯಿತು. ಮತ್ತೆ ಮಡಚಿದೆ, ಬಿಡಿಸಿದೆ. ಏಳೆಂಟು ಸಲ ಆಗುವಷ್ಟರಲ್ಲಿ ಕಪ್ಪು ಹೋಗಿ ಮಾಸಲು ಬೂದು ಉಳಿಯಿತು. "ಇದು ಪುಸ್ತಕದ ಹಾಳೆ ಬಿಡಿಸಿದ ಹಾಗೆ ಮಾವ. ಬಿಡಿಸ್ತಾ ಹೋದರೆ ಕೊನೆಗೆ ಒಂದೇ ಒಂದು ಪರಮಾಣುವಿನ ದಪ್ಪದ ಹಾಳೆ ಸಿಗುತ್ತೆ. ಅದೇ ಗ್ರಾಫೀನ್" ಅಂದೆ. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗೈಮ್ ಮತ್ತು ನೊವೊಸೆಲೊವ್ ಇದೇ ಟೇಪಿನ ದಾರಿಯಲ್ಲಿ ಅದನ್ನು ಬೇರ್ಪಡಿಸಿ ಅಳೆದರು, 2010ರಲ್ಲಿ ನೊಬೆಲ್ ಬಂತು ಅಂತಲೂ ಹೇಳಿದೆ.

ಮಾವ ಟೇಪನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಎಷ್ಟು ಮಕ್ಕಳು ಬರ್ತಾರೆ?" ಅಂದರು. ಹೇಳಿದೆ. "ಹೋಂಸ್ಟೇ ಕೋಣೆ ನಾನು ಬಿಟ್ಟುಕೊಡ್ತೀನಿ. ದುಡ್ಡು ಬೇಡ. ಕಂಬಳಿ ಮಾತ್ರ ಜಾಸ್ತಿ ಬೇಕಾಗುತ್ತೆ ನೋಡು, ಬಯಲುಸೀಮೆ ಮಕ್ಕಳು." ಆ ವರ್ಷ ಕಾಫಿಗೆ ಒಳ್ಳೆಯ ದರ ಇತ್ತು, ಅದೂ ನಮಗೆ ಅನುಕೂಲವಾಯಿತು.

ಆಯ್ಕೆಯ ವಿಷಯದಲ್ಲೂ ಮೊದಲ ವರ್ಷ ನಾವು ತಪ್ಪು ಮಾಡಿದ್ದೆವು. ಫಲಿತಾಂಶದ ಸಾರಾಂಶ, ಗೈಡ್ ಪತ್ರ, ಪ್ರಕಟವಾದ ಪೇಪರ್ ಕೇಳಿದ್ದೆವು. ಒಳ್ಳೆಯ ಉಪಕರಣ ಇರುವ ದೊಡ್ಡ ಸಂಸ್ಥೆಗಳವರೇ ಮೇಲೆ ಬಂದರು. ಅವರಿಗೆ ಬೇರೆ ಕಡೆಯೂ ನೆರವು ಸಿಗುತ್ತದೆ. ಎರಡನೇ ಸಲ ಅರ್ಜಿಯಲ್ಲಿ ಮುಖ್ಯವಾಗಿ ಕೇಳಿದ್ದು ಒಂದೇ: ನಿಮ್ಮ ಕೆಲಸ ಈಗ ಎಲ್ಲಿ ನಿಂತಿದೆ, ಯಾಕೆ? ಒಂದು ಪುಟ, ಕನ್ನಡದಲ್ಲಿ ಬರೆದರೂ ಸರಿ. ಓದುವಾಗ ಹೆಸರು, ಸಂಸ್ಥೆ ಮುಚ್ಚಿಟ್ಟೆವು. 61 ಅರ್ಜಿ ಬಂದವು. ನಿಜವಾಗಿ ಕೈ ಕೆಸರು ಮಾಡಿಕೊಂಡವರು ಯಾರು ಅಂತ ಆ ಒಂದು ಪುಟದಲ್ಲೇ ಗೊತ್ತಾಗುತ್ತಿತ್ತು.

ಇನ್ನೊಂದು ಪ್ರಶ್ನೆಯನ್ನೂ ಸೇರಿಸಿದ್ದೆವು. ಬರಲು ನಿಮಗೆ ಮತ್ತೇನಾದರೂ ತೊಂದರೆ ಇದೆಯಾ? ಒಬ್ಬಳು ಎಂಟು ತಿಂಗಳ ಮಗು ಇದೆ ಅಂತ ಬರೆದಿದ್ದಳು. ಅಮ್ಮನನ್ನೂ ಮಗುವನ್ನೂ ಕರೆದುಕೊಂಡು ಬಾ ಅಂದೆವು. ಅಜ್ಜಿ ಮೂರು ದಿನ ಸಭಾಂಗಣದ ಹಿಂದಿನ ಕೋಣೆಯಲ್ಲಿ ಮೊಮ್ಮಗನನ್ನು ಆಡಿಸಿಕೊಂಡಿದ್ದರು. ಅದಕ್ಕೆ ಆದ ಹೆಚ್ಚುವರಿ ಖರ್ಚು ಒಂದು ಸ್ಲೀಪರ್ ಟಿಕೆಟ್ ಮತ್ತು ಊಟ, ಅಷ್ಟೇ.

ಕಲಬುರಗಿಯ ಹುಡುಗಿ ಮತ್ತೆ ಅರ್ಜಿ ಹಾಕಿದ್ದಳು. ಬಸವ ಎಕ್ಸ್‌ಪ್ರೆಸ್‌ನಲ್ಲಿ ಮೈಸೂರಿಗೆ ಬಂದು ಮಧ್ಯಾಹ್ನ ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಳು. ಕೈಯಲ್ಲಿ ಸಣ್ಣ ಪ್ಲಾಸ್ಟಿಕ್ ಡಬ್ಬಿ. ಕುಶಾಲನಗರ ದಾಟಿದ ಮೇಲಿನ ತಿರುವುಗಳಲ್ಲಿ ಹೊಟ್ಟೆ ತೊಳಸಿದರೂ ಡಬ್ಬಿ ಬಿಟ್ಟಿರಲಿಲ್ಲವಂತೆ. ಒಳಗೆ ಉಗುರಿನಷ್ಟು ಸಿಲಿಕಾನ್ ಚೂರುಗಳು. ಟೇಪಿನಲ್ಲಿ ಬಿಡಿಸಿದ ಪದರಗಳನ್ನು ಇವುಗಳ ಮೇಲೆಯೇ ಒತ್ತಿ ಕೂರಿಸೋದು. ಎರಡು ವರ್ಷದಿಂದ ಅವಳಿಗೆ ಗ್ರಾಫೈಟ್‌ನಂತೆಯೇ ಪದರ ಪದರವಾಗಿರುವ ಮಾಲಿಬ್ಡಿನಂ ಡೈಸಲ್ಫೈಡ್‌ನ ಒಂಟಿ ಪದರ ಸಿಕ್ಕಿರಲಿಲ್ಲ. ದಪ್ಪ ದಪ್ಪ ಚೂರುಗಳೇ. ಈ ವಸ್ತುವಿನ ಸೊಗಸೆಲ್ಲ ಆ ಒಂಟಿ ಪದರದಲ್ಲೇ ಇದೆ, ಅದು ದಪ್ಪ ಹರಳಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ಬೆಳಕು ಹೊಮ್ಮಿಸುತ್ತದೆ.

ಎರಡನೇ ದಿನ ಊಟಕ್ಕೆ ಕೊಡಗಿನ ಅಕ್ಕಿ ಕಡುಬು, ಕಡಂಬುಟ್ಟು ಇತ್ತು. ಅವಳ ಪಕ್ಕ ಬೆಂಗಳೂರಿನ ಒಬ್ಬ ಹುಡುಗ ಕೂತಿದ್ದ. "ಸಿಲಿಕಾನ್ ಮೇಲೆ ಟೇಪ್ ಅಂಟಿಸಿದ ತಕ್ಷಣ ಕಿತ್ತುಬಿಡ್ತೀರಾ?" ಅಂತ ಕೇಳಿದ. ಹೌದು ಅಂದಳು. "ಮೊದಲು ಸಿಲಿಕಾನನ್ನು ಆಕ್ಸಿಜನ್ ಪ್ಲಾಸ್ಮಾದಲ್ಲಿ ತೊಳೀರಿ, ಕಣ್ಣಿಗೆ ಕಾಣದ ಕೊಳೆ ಹೋಗುತ್ತೆ. ಟೇಪ್ ಅಂಟಿಸಿ ಹಾಟ್ ಪ್ಲೇಟ್ ಮೇಲೆ 100 ಡಿಗ್ರಿಯಲ್ಲಿ ಎರಡು ನಿಮಿಷ ಇಡಿ. ತಣ್ಣಗಾದ ಮೇಲೆ ನಿಧಾನ ಬಿಡಿಸಿ." ಇದು 2015ರ ಒಂದು ಪೇಪರ್‌ನಲ್ಲೇ ಇದೆ. ಆದರೆ ಸಾವಿರ ಪೇಪರ್‌ಗಳ ನಡುವೆ ತನಗೆ ಬೇಕಾದದ್ದು ಅದೇ ಅಂತ ಒಬ್ಬಳೇ ಕೂತವಳಿಗೆ ಯಾರು ಹೇಳಬೇಕು? ಅವಳ ವಿಭಾಗದಲ್ಲಿ ಈ ಕೆಲಸ ಮಾಡುವವಳು ಅವಳೊಬ್ಬಳೇ.

ಈ ಕ್ಷೇತ್ರವೇ ಹಾಗೆ, ಪರಿಚಯದ ಮೇಲೆ ನಡೆಯುತ್ತದೆ. ಇಂಥ ಪದರಗಳಿಗೆ ಸಮತಟ್ಟಾದ ಹಾಸಿನಂತೆ ಜಗತ್ತಿನ ಎಷ್ಟೋ ಲ್ಯಾಬ್‌ಗಳು ಬಳಸುವ ಉತ್ತಮ ಬೋರಾನ್ ನೈಟ್ರೈಡ್ ಹರಳು ಬರುವುದು ಜಪಾನಿನ ಸುಕುಬಾದ ವತನಾಬೆ ಮತ್ತು ತನಿಗುಚಿ ಎಂಬ ಇಬ್ಬರು ವಿಜ್ಞಾನಿಗಳಿಂದ. ಅದು ಹೆಚ್ಚಾಗಿ ಜೊತೆಗೆ ಕೆಲಸ ಮಾಡುವವರ ಕೈಗೆ ಹೋಗುತ್ತದೆ. ಯಾರ ಪರಿಚಯವೂ ಇಲ್ಲದ ಹುಡುಗಿಗೆ ಒಂದು ಚೂರು ಹರಳು ಎಲ್ಲಿಂದ ಬರಬೇಕು? ಅದಕ್ಕೇ ನಾನು ಪ್ರಯಾಣದ ಹಣವನ್ನು ಉಪಕರಣದ ಹಣ ಅಂತಲೇ ಲೆಕ್ಕ ಹಾಕೋದು.

ಆ ಸಲ 24 ಜನರೂ ಬಂದರು. ಮಾರ್ಚ್ ತಿಂಗಳಲ್ಲಿ, ಇಲ್ಲಿ ಕಾಫಿ ಗಿಡ ಅರಳಿಸುವ ಹೂಮಳೆ ಬಿದ್ದ ವಾರ, ಕಲಬುರಗಿಯ ಹುಡುಗಿಯಿಂದ ಒಂದು ಫೋಟೊ ಬಂತು. ನೇರಳೆ ಬಣ್ಣದ ಸಿಲಿಕಾನ್, ಅದರ ಮೂಲೆಯಲ್ಲಿ ಮಸುಕಾದ ಒಂದು ತ್ರಿಕೋನ. ಕೆಳಗೆ "ಒಂಟಿ ಪದರ, ಮೇಡಂ" ಅಂತ ಬರೆದಿದ್ದಳು. ಮಾವನಿಗೂ ತೋರಿಸಿದೆ.

ಒಂದು ವಿಷಯದಲ್ಲಿ ಮಾತ್ರ ಎಡವಿದೆವು. 2024ರ ನವೆಂಬರ್‌ನಿಂದ ರೈಲು ಟಿಕೆಟ್ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿಯಿತು. ನಮ್ಮ ಪಟ್ಟಿ ಅಂತಿಮವಾಗಿದ್ದು ಡಿಸೆಂಬರ್ ಮೊದಲ ವಾರ. ಅಷ್ಟರಲ್ಲಿ ಸೀಟು ತುಂಬಿಹೋಗಿ ಏಳು ಜನರಿಗೆ ತತ್ಕಾಲ್‌ನಲ್ಲಿ ತೆಗೆಯಬೇಕಾಯಿತು, ಖರ್ಚು ಜಾಸ್ತಿ ಆಯಿತು. ಇನ್ನು ಮುಂದೆ ಅರ್ಜಿಯನ್ನು ಸೆಪ್ಟೆಂಬರ್‌ನಲ್ಲೇ ಕರೆದು, ದೀಪಾವಳಿಯೊಳಗೆ ಪಟ್ಟಿ ಮುಗಿಸಿ, ಬುಕಿಂಗ್ ತೆರೆದ ದಿನ ಬೆಳಿಗ್ಗೆ 8 ಗಂಟೆಗೇ ಕೂರಬೇಕು ಅಂತ ಡೈರಿಯಲ್ಲಿ ಬರೆದಿಟ್ಟಿದ್ದೇನೆ.