ರೆಕ್ಕೆ ನೋಡಿ ಇಸವಿ ಹಿಡಿದ ಕಥೆ

ಬೆಳಗಾವಿಯ ಖಡೇಬಜಾರಿನಲ್ಲಿ ನನ್ನದೊಂದು ಸಣ್ಣ ಫೋಟೋ ಸ್ಟುಡಿಯೋ ಇದೆ. ಈಗ ಫೋಟೋ ತೆಗೆಸೋಕೆ ಬರುವವರು ಕಡಿಮೆ, ಹಳೇ ಫೋಟೋ ಸರಿ ಮಾಡಿಸುವವರು ಜಾಸ್ತಿ. ನಮ್ಮೂರಲ್ಲಿ ಓಣಿಗೊಬ್ಬ ಫೌಜಿ ಸಿಗುತ್ತಾನೆ. ಸಾಂಬ್ರಾದಲ್ಲಿ ಬ್ರಿಟಿಷರು 1942ರಲ್ಲಿ ಮಾಡಿದ ವಿಮಾನ ನಿಲ್ದಾಣ ಇದೆ, ವಾಯುಪಡೆಯ ತರಬೇತಿ ಶಾಲೆಯೂ ಇದೆ. ಹಾಗಾಗಿ ವಿಮಾನದ ಫೋಟೋಗಳೂ ಆಗಾಗ ಅಂಗಡಿಗೆ ಬರುತ್ತಿರುತ್ತವೆ.

ಅಂಥದ್ದೇ ಒಂದು ಫೋಟೋದಿಂದ ನನಗೆ ಏರ್ ಶೋ ಇತಿಹಾಸದ ಹುಚ್ಚು ಹಿಡಿಯಿತು. ಟಿಳಕವಾಡಿಯ ನಿವೃತ್ತ ಮಾಸ್ತರೊಬ್ಬರು ತಂದಿದ್ದರು. ಆಕಾಶದಲ್ಲಿ ವಜ್ರದ ಆಕಾರದಲ್ಲಿ ಒಂಬತ್ತು ವಿಮಾನ. ಕೆಳಗೆ ಮೂಲೆಯಲ್ಲಿ ಮಗಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾಳೆ. ಹಿಂದೆ ಪೆನ್ಸಿಲ್‌ನಲ್ಲಿ ‘91’ ಅಂತ ಬರೆದಿತ್ತು. ‘ಬೆಂಗಳೂರಾಗ ಏರ್ ಶೋ ನೋಡ್ಲಿಕ್ಕೆ ಹೋಗಿದ್ವಿ. ಥಂಡರ್‌ಬೋಲ್ಟ್ಸ್’ ಅಂದರು ಮಾಸ್ತರು. ಅದು ಹಂಟರ್ ಅನ್ನೋ ಯುದ್ಧವಿಮಾನ ಹಾರಿಸುತ್ತಿದ್ದ ವಾಯುಪಡೆಯ ಪ್ರದರ್ಶನ ತಂಡ. ನಾನು ದೊಡ್ಡದು ಮಾಡಿ, ಕೆಳಗೆ ‘ಥಂಡರ್‌ಬೋಲ್ಟ್ಸ್, 1991’ ಅಂತ ಹಾಕಿ, ಅವರಿಗೊಂದು ಪ್ರತಿ ಕೊಟ್ಟೆ. ಚೆನ್ನಾಗಿ ಬಂದಿತ್ತು ಅಂತ ಅವರನ್ನು ಕೇಳಿ ಅಂಗಡಿಯ ಗಾಜಿನಲ್ಲೂ ಒಂದು ತೂಗುಹಾಕಿದೆ.

ನಾಲ್ಕೇ ದಿನ. ಸಾಂಬ್ರಾ ಕಡೆಯ ಒಬ್ಬ ಹಿರಿಯರು ಪಾಸ್‌ಪೋರ್ಟ್ ಫೋಟೋಕ್ಕೆ ಅಂತ ಬಂದವರು ಗಾಜಿನ ಮುಂದೆ ನಿಂತೇಬಿಟ್ಟರು. ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈ ರಿಪೇರಿ ಮಾಡುವವರು, ಆಗಿದ್ದರು. ಬೀದರ್‌ನಲ್ಲೂ ಕೆಲಸ ಮಾಡಿದ್ದರಂತೆ.

‘ಇದನ್ನ ಯಾಂವ ಬರದಾನ?’

‘ನಾನೇ ಕಾಕಾ.’

‘ತಮ್ಮಾ, ಹಂಟರ್ ರೆಕ್ಕಿ ಹಿಂದಕ್ಕ ಬಾಗಿರ್ತಾವ. ಇವು ನೆಟ್ಟಗ ಅದಾವ. ಇದು ಕಿರಣ್. ಬೋರ್ಡ್ ತೆಗಿ ಮೊದಲ.’

ನನಗೆ ಮುಖ ಸಣ್ಣದಾಯಿತು. ತೆಗೆದೆ. ಆದರೆ ಆ ಒಂದು ಮಾತು ನನಗೆ ದಾರಿ ತೋರಿಸಿತು. ಏರ್ ಶೋ ಫೋಟೋ ಕೈಗೆ ಬಂದರೆ ನಾವೆಲ್ಲ ಮೊದಲು ಪೈಲಟ್ ಯಾರು, ಊರು ಯಾವುದು ಅಂತ ಕೇಳುತ್ತೇವೆ. ಅದು ಆಮೇಲಿನ ಕೆಲಸ. ಮೊದಲು ವಿಮಾನ ಯಾವುದು ಅಂತ ಗೊತ್ತಾಗಬೇಕು. ಬಣ್ಣವನ್ನಂತೂ ನಂಬಲೇಬಾರದು. ಹಳೇ ಕಲರ್ ಪ್ರಿಂಟ್‌ನಲ್ಲಿ ನೀಲಿ ಮಾಸಿ ಎಲ್ಲಾ ಕೆಂಪಗೆ ತಿರುಗಿರುತ್ತದೆ. ಥಂಡರ್‌ಬೋಲ್ಟ್ಸ್ ವಿಮಾನಗಳು ನೀಲಿ-ಬಿಳಿ, ಕಿರಣ್ ಅನ್ನೋ ತರಬೇತಿ ವಿಮಾನ ಹಾರಿಸುತ್ತಿದ್ದ ವಾಯುಪಡೆಯ ಇನ್ನೊಂದು ತಂಡ ಸೂರ್ಯಕಿರಣದವು ಕೆಂಪು-ಬಿಳಿ. ಕೆಂಪಗಾದ ಪ್ರಿಂಟ್‌ನಲ್ಲಿ ಎರಡಕ್ಕೂ ವ್ಯತ್ಯಾಸ ಹೇಳೋದು ಕಷ್ಟ. ರೆಕ್ಕೆಯ ಆಕಾರ ಮಾತ್ರ ಮಾಸುವುದಿಲ್ಲ.

ಕಾಕಾ ಹೇಳಿದ್ದನ್ನೂ ಆಮೇಲೆ ಓದಿದ್ದನ್ನೂ ಸೇರಿಸಿ ಲೆಕ್ಕ ಹಾಕಿದೆ. ಥಂಡರ್‌ಬೋಲ್ಟ್ಸ್ ತಂಡ ಶುರುವಾಗಿದ್ದು 1982ರಲ್ಲಿ, ವಾಯುಪಡೆಯ ಸುವರ್ಣ ಮಹೋತ್ಸವದ ವರ್ಷ. ಹಂಟರ್ ವಿಮಾನಗಳ ತಂಡ ಅದು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅದು ನಿಂತಿತ್ತು. ಸೂರ್ಯಕಿರಣ ಹುಟ್ಟಿದ್ದು 1996ರಲ್ಲಿ, ಬೀದರ್‌ನಲ್ಲಿ. ಮೊದಲ ನಾಯಕ ವಿಂಗ್ ಕಮಾಂಡರ್ ಕುಲದೀಪ್ ಮಲಿಕ್. ಸಣ್ಣದಾಗಿ ಶುರುವಾದ ತಂಡ 1998ರಲ್ಲಿ ಒಂಬತ್ತು ವಿಮಾನಕ್ಕೆ ಬೆಳೆಯಿತು. ಬೆಂಗಳೂರಿನ ಏರ್ ಶೋ, ಏರೋ ಇಂಡಿಯಾ, ಶುರುವಾಗಿದ್ದೂ 1996ರಲ್ಲೇ. 2011ರಲ್ಲಿ ಸೂರ್ಯಕಿರಣ ನಿಂತಿತು. ಆಗ ತರಬೇತಿ ವಿಮಾನಗಳ ಕೊರತೆ ಇತ್ತು, ಕಿರಣ್‌ಗಳು ಹುಡುಗರಿಗೆ ಪಾಠ ಹೇಳೋಕೆ ವಾಪಸ್ ಹೋದವು. 2015ರಲ್ಲಿ ಹಾಕ್ ವಿಮಾನಗಳ ಜೊತೆ ತಂಡ ಮತ್ತೆ ಬಂತು. ಅಂದರೆ ಒಂಬತ್ತು ಕಿರಣ್ ಇರುವ ಮಾಸ್ತರ ಫೋಟೋ 1998ರಿಂದ 2011ರ ನಡುವಿನದು. 1991 ಅಂತೂ ಸಾಧ್ಯವೇ ಇಲ್ಲ.

ಹಾಗಾದರೆ ಆ ‘91’ ಏನು? ಪೆನ್ಸಿಲ್ ಅಕ್ಷರ ಮಾಸ್ತರದಲ್ಲ. ಪ್ರಿಂಟ್ ಹಾಕಿದ ಲ್ಯಾಬಿನವರು ಗುರುತಿಗೆ ಬರೆದುಕೊಂಡ ಕವರ್ ನಂಬರ್! ಇಪ್ಪತ್ತು ವರ್ಷ ಇದೇ ಧಂದೆಯಲ್ಲಿರುವ ನನಗೆ ಅದು ಹೊಳೆಯಲಿಲ್ಲ ಅಂದರೆ ನಗಬೇಕೋ ಅಳಬೇಕೋ. ನಾನೇ ದಿನಾ ಹಾಗೆ ನಂಬರ್ ಹಾಕುತ್ತಿದ್ದೆ.

ಆಮೇಲೆ ಮಾಸ್ತರ ಮನೆಗೆ ಹೋಗಿ ‘ನೆಗೆಟಿವ್ ಇದೆಯಾ’ ಅಂತ ಕೇಳಿದೆ. ಈ ಮಾತು ಒತ್ತಿ ಹೇಳಬೇಕು. ಪ್ರಿಂಟ್ ಅಂದರೆ ಒಂದು ಕ್ಷಣ ಮಾತ್ರ. ನೆಗೆಟಿವ್ ಪಟ್ಟಿಯಲ್ಲಿ ಅದರ ಹಿಂದೆ ಮುಂದೆ ಏನಾಯಿತು ಅನ್ನೋದೂ ಇರುತ್ತದೆ. ಟ್ರಂಕಿನ ತಳದಲ್ಲಿ ಕುಂದಾ ಸಿಹಿಯ ಡಬ್ಬಿಯೊಳಗೆ ಸಿಕ್ಕವು. ನಮ್ಮ ಬೆಳಗಾವಿ ಮಳೆಗಾಲ ಗೊತ್ತಲ್ಲ, ಅರ್ಧಕ್ಕರ್ಧ ಬೂಷ್ಟು ಹಿಡಿದಿತ್ತು. ಲೈಟ್ ಬಾಕ್ಸ್ ಮೇಲಿಟ್ಟು ಭೂತಕನ್ನಡಿ ಹಿಡಿದೆ. ಅಂಚಿನಲ್ಲಿ ಫ್ರೇಮ್ ನಂಬರ್ 14, ಅದೇ ವಜ್ರದ ಫೋಟೋ. 15 ಬರೀ ಹೊಗೆ. 16ರಲ್ಲಿ ಒಬ್ಬರ ತಲೆ ಅಡ್ಡ ಬಂದಿದೆ. 17ರಲ್ಲಿ ಹೆಲಿಕಾಪ್ಟರ್. ಸ್ಕ್ಯಾನ್ ಮಾಡಿ ಬಣ್ಣ ತಿರುಗಿಸಿದಾಗ ಮೈಮೇಲೆ ನವಿಲಿನ ಚಿತ್ರ ಕಂಡಿತು. ವಾಯುಪಡೆಯ ಹೆಲಿಕಾಪ್ಟರ್ ಪ್ರದರ್ಶನ ತಂಡ ಸಾರಂಗ್‌ನ ಧ್ರುವ್!

ಸಾರಂಗ್ ಹುಟ್ಟಿದ್ದು 2003ರಲ್ಲಿ, ಹೊರಗೆ ಮೊದಲ ಪ್ರದರ್ಶನ ಕೊಟ್ಟಿದ್ದು 2004ರಲ್ಲಿ ಸಿಂಗಪುರದಲ್ಲಿ. ಏರೋ ಇಂಡಿಯಾ ಆ ದಿನಗಳಲ್ಲಿ ಬೆಸ ವರ್ಷದ ಫೆಬ್ರವರಿಗೆ ಬರುತ್ತಿತ್ತು. ಹಾಗಾಗಿ ಉಳಿದಿದ್ದು 2005, 2007, 2009, 2011. ನಾಲ್ಕರಲ್ಲಿ ಒಂದು.

ಇಲ್ಲಿಂದ ಮುಂದೆ ಕಾಗದ ಕೆಲಸಕ್ಕೆ ಬರಲಿಲ್ಲ, ಮಾತು ಬಂತು. ‘ಯಾವ ವರ್ಷ’ ಅಂತ ಕೇಳಿದರೆ ಮಾಸ್ತರು ಮತ್ತೆ 91 ಅಂತಲೇ ಅಂದರು. ಸುಮ್ನೆ ಬಿಟ್ಟು ಬೇರೆ ಕೇಳಿದೆ. ಯಾವ ಗಾಡಿಗೆ ಹೋದ್ರಿ? ಊಟಕ್ಕೆ ಏನು ಕಟ್ಟಿಕೊಂಡಿದ್ರಿ? ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ ಹೋದದ್ದು, ರೊಟ್ಟಿ ಗಂಟು ಸೀಟಿನಲ್ಲೇ ಮರೆತದ್ದು, ಎಲ್ಲಾ ಬಂತು. ಒಳಗಿನಿಂದ ಚಾ ತಂದ ಅವರ ಮನೆಯವರು ನಿಂತಲ್ಲೇ ಅಂದರು: ‘ಆಗ ಸುನಾಮಿ ಆಗಿ ಎರಡು ತಿಂಗಳೂ ಆಗಿದ್ದಿಲ್ಲ. ಇವರು ಸಾಲ್ಯಾಗ ಅರಿಬಿ ಕೂಡ್ಸೋದು ಬಿಟ್ಟು ವಿಮಾನ ನೋಡ್ಲಿಕ್ಕೆ ನಡದ್ರು ಅಂತ ನಾನು ಜಗಳಾ ಮಾಡಿದ್ದೆ.’ ಸುನಾಮಿ ಬಂದಿದ್ದು 2004ರ ಡಿಸೆಂಬರ್ 26ಕ್ಕೆ. ಹಾಗಾದರೆ 2005ರ ಫೆಬ್ರವರಿ. ಮುಗೀತು. ಗಂಡ ಮರೆತ ವರ್ಷವನ್ನು ಹೆಂಡತಿ ಜಗಳದಿಂದ ನೆನಪಿಟ್ಟುಕೊಂಡಿದ್ದರು.

ಅಲ್ಲಿಂದ ನಾನು ಹಿಂದಕ್ಕೆ ಹಿಂದಕ್ಕೆ ಓದುತ್ತಾ ಹೋದೆ. ತಾರೀಖಿನ ಗೊಂದಲ ನಮ್ಮ ಮಾಸ್ತರದ್ದು ಮಾತ್ರ ಅಲ್ಲ ಅಂತ ಗೊತ್ತಾಯಿತು. ಮೊದಲ ಲೂಪ್, ಅಂದರೆ ವಿಮಾನವನ್ನು ಮೇಲಕ್ಕೆತ್ತಿ ತಲೆಕೆಳಗಾಗಿ ಪೂರ್ತಿ ಒಂದು ಸುತ್ತು, ಹೊಡೆದವನು ರಷ್ಯಾದ ಪ್ಯೋತರ್ ನೆಸ್ತೆರೋವ್, ಕೀವ್‌ನಲ್ಲಿ. ಒಂದು ಕಡೆ 1913ರ ಆಗಸ್ಟ್ 27 ಅಂತ ಇರುತ್ತದೆ, ಇನ್ನೊಂದು ಕಡೆ ಸೆಪ್ಟೆಂಬರ್ 9. ಎರಡು ಸಲ ಹೊಡೆದನೇನೋ ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ರಷ್ಯಾದಲ್ಲಿ ಆಗ ಹಳೇ ಕ್ಯಾಲೆಂಡರ್, ನಮ್ಮದಕ್ಕಿಂತ 13 ದಿನ ಹಿಂದೆ. ಎರಡೂ ಒಂದೇ ದಿನ. ಸರ್ಕಾರಿ ಆಸ್ತಿಯನ್ನು ಅಪಾಯಕ್ಕೆ ಒಡ್ಡಿದ ಅಂತ ಅವನಿಗೆ 10 ದಿನದ ಬಂಧನದ ಶಿಕ್ಷೆ ಆಯಿತು, ಆಮೇಲೆ ಅದನ್ನು ಕೈಬಿಟ್ಟು ಬಡ್ತಿ ಕೊಟ್ಟರು. ಅದೇ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ಅಡೋಲ್ಫ್ ಪೆಗು ಕೂಡ ಲೂಪ್ ಹೊಡೆದ. ಕೆಲವರು ಅವನೇ ಮೊದಲು ಅಂತ ಬರೆದುಬಿಟ್ಟಿದ್ದಾರೆ. ಆ ಕಾಲದ ರಷ್ಯಾದ ತಾರೀಖು ಕಂಡರೆ ಈಗ ನಾನು ಮೊದಲು 13 ಕೂಡಿಸುತ್ತೇನೆ.

ನಮ್ಮ ಕಡೆಗೆ ಹತ್ತಿರದ ಕಥೆ ಅಂದರೆ ನೆವಿಲ್ ವಿನ್ಸೆಂಟ್‌ನದು. ಬ್ರಿಟನ್ನಿನಿಂದ ವಿಮಾನ ತಂದು ಭಾರತದ ಊರೂರಲ್ಲಿ ಹಾರಾಟ ತೋರಿಸಿ, ಜನರನ್ನು ಕೂರಿಸಿಕೊಂಡು ಸುತ್ತಿಸಿ ದುಡ್ಡು ಮಾಡುತ್ತಿದ್ದವನು. 1932ರ ಅಕ್ಟೋಬರ್‌ನಲ್ಲಿ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ತಂದರಲ್ಲ, ಅಲ್ಲಿಂದ ಅದನ್ನು ಬಳ್ಳಾರಿ ಮೇಲೆ ಮದ್ರಾಸಿಗೆ ಒಯ್ದವನು ಇವನೇ. ಇಂಥ ಹಳೇ ವಿಷಯ ಹುಡುಕುವವರು ಒಂದು ನೆನಪಿಡಿ. 1956ರವರೆಗೆ ಬೆಳಗಾವಿ, ವಿಜಾಪುರ ಎಲ್ಲಾ ಮುಂಬೈಗೆ ಸೇರಿದ್ದವು. ನಮ್ಮ ಕಡೆಯ ಹಳೇ ಸರ್ಕಾರಿ ಕಾಗದ ಬೇಕಾದರೆ ಬೆಂಗಳೂರಿಗಿಂತ ಮೊದಲು ಮುಂಬೈ ದಫ್ತರದಲ್ಲಿ ಕೇಳಬೇಕು.

ಪೈಲಟ್‌ಗಳ ಬಗ್ಗೆ ಬರೆಯೋದು ಮಾತ್ರ ನನಗೆ ಕಷ್ಟವಾಯಿತು. ಸೂರ್ಯಕಿರಣ 2006ರಲ್ಲಿ ಬೀದರ್ ಹತ್ತಿರ ಇಬ್ಬರನ್ನು ಕಳೆದುಕೊಂಡಿತು, 2009ರಲ್ಲಿ ಅಲ್ಲೇ ಮತ್ತೊಬ್ಬರನ್ನು. 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ಎರಡು ಹಾಕ್ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಆ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ನಾನು ಇಂಥ ಫೋಟೋ ಸ್ಕ್ಯಾನ್ ಮಾಡಿ ಇಡುತ್ತೇನೆ, ಗಾಜಿನಲ್ಲಿ ಹಾಕುವುದಿಲ್ಲ. ‘ಸ್ಟಂಟ್’ ಅನ್ನೋ ಪದವನ್ನೂ ಬಿಟ್ಟಿದ್ದೇನೆ. ಕಾಕಾ ಒಂದು ಸಲ ಮೇಜಿನ ಮೇಲೆ ಎರಡು ಬೆಂಕಿಪೊಟ್ಟಣ ಇಟ್ಟು ತೋರಿಸಿದ್ದರು. ಪಕ್ಕದ ವಿಮಾನದವನು ಮುಂದೆ ನೋಡುವುದೇ ಇಲ್ಲ. ಲೀಡರ್‌ನ ವಿಮಾನದ ಮೇಲೆ ಎರಡು ಗುರುತು ಹಿಡಿದುಕೊಂಡು ಅವೆರಡೂ ಒಂದರ ಮೇಲೊಂದು ಕೂರುವ ಹಾಗೆ ಹಾರುತ್ತಿರುತ್ತಾನೆ. ನೆಲ, ಆಕಾಶ ಎಲ್ಲಾ ಲೀಡರ್‌ಗೆ ಬಿಟ್ಟದ್ದು. ನಾವು ಬಾಯಿ ಬಿಟ್ಟುಕೊಂಡು ನೋಡುವ ಬಿಳಿ ಹೊಗೆ ಬಿಸಿ ಎಕ್ಸಾಸ್ಟ್‌ಗೆ ಬಿಟ್ಟ ಡೀಸೆಲ್ ಅಂತ ಗೊತ್ತಾಗಿದ್ದೂ ಅವರಿಂದಲೇ.

ಮಾಸ್ತರಿಗೆ ಹೊಸ ಪ್ರಿಂಟ್ ಕೊಟ್ಟೆ, ‘ಸೂರ್ಯಕಿರಣ, ಯಲಹಂಕ, ಫೆಬ್ರವರಿ 2005’ ಅಂತ ಹಾಕಿ. ತಗೊಂಡರು. ‘91 ಅಂತಾನೂ ಸಣ್ಣಗೆ ಇರ್ಲಿ ಬಿಡಪಾ’ ಅಂದರು. ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಟ್ಟೆ.

ಹೋದ ವಾರ ಕ್ಯಾಂಪಿನ ಕಡೆಯ ಒಂದು ಮನೆಯಿಂದ ಇನ್ನೊಂದು ಕವರ್ ನೆಗೆಟಿವ್ ಬಂದಿದೆ. ಕಪ್ಪು-ಬಿಳುಪು. ನೆಲದ ಮೇಲೆ ನಿಂತ ವಿಮಾನ, ಪಕ್ಕದಲ್ಲಿ ಮೂವರು ಹುಡುಗರು. ರೆಕ್ಕೆ ಹಿಂದಕ್ಕೆ ಬಾಗಿದೆ. ರಾತ್ರಿ ಒಂಬತ್ತಾಗಿತ್ತು, ಆದರೂ ಕಾಕಾಗೆ ಫೋನ್ ಹಚ್ಚಿದೆ.

‘ಬಾಲದ ಮ್ಯಾಲೆ ನಂಬರ್ ಕಾಣ್ತೈತೇನು?’ ಅಂದರು.

‘ಒಬ್ಬ ಹುಡುಗನ ಟೊಪ್ಪಿಗೆ ಅಡ್ಡ ಬಂದದ ಕಾಕಾ.’

‘ಮುಂದಿನ ಫ್ರೇಮ್ ನೋಡು.’