ಡೀಸೆಲ್ ನಿಂತ ಮನೆಯ ಕತೆ ನಾನು ಬರೆದದ್ದು ಹೀಗೆ

ಕೊಪ್ಪಳ ಜಿಲ್ಲೆಯ ಕಾರಟಗಿ ಹತ್ತಿರ ಒಂದು ಡೀಸೆಲ್ ಬಂಕ್‌ನಲ್ಲಿ ನಾನು 11 ವರ್ಷದಿಂದ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಮೊದಲ ಕೆಲಸ ಡಿಪ್ ನೋಡುವುದು. ಉದ್ದನೆಯ ಅಳತೆ ಕೋಲನ್ನು ನೆಲದೊಳಗಿನ ಟ್ಯಾಂಕಿಗೆ ಇಳಿಸಬೇಕು. ಎಲ್ಲಿಯವರೆಗೆ ಒದ್ದೆಯಾಗಿದೆ ನೋಡಬೇಕು. ಚಾರ್ಟ್ ತೆಗೆದು ಎಷ್ಟು ಲೀಟರ್ ಉಳಿದಿದೆ ಎಂದು ಬರೆಯಬೇಕು.

ಒಂದು ಸುಗ್ಗಿಯಲ್ಲಿ ಟ್ಯಾಂಕರ್ ಎರಡು ದಿನ ಬರಲಿಲ್ಲ. ಹೊಲದಲ್ಲಿ ಭತ್ತ ಬಾಗಿ ನಿಂತಿತ್ತು. ಆಕಾಶದಲ್ಲಿ ಮೋಡ ಇತ್ತು. ಕೊಯ್ಲಿನ ಯಂತ್ರಗಳು ರಸ್ತೆ ಪಕ್ಕ ಸಾಲಾಗಿ ನಿಂತವು. ಒಬ್ಬ ರೈತ ಖಾಲಿ ಕ್ಯಾನ್ ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದಿಂದ ಕೂತಿದ್ದ. "ಅಕ್ಕಾರ, ತಳದಾಗ ಇದ್ದದ್ದನ್ನಾದ್ರೂ ಕೊಡ್ರಿ" ಅಂದ. ತಳದಲ್ಲಿ ಸ್ವಲ್ಪ ಇತ್ತು, ನಿಜ. ಆದರೆ ಟ್ಯಾಂಕಿನ ಕೊನೆಯ ಕೆಲವು ಬೆರಳಿನಷ್ಟನ್ನು ಪಂಪ್ ಎಳೆಯುವುದಿಲ್ಲ. ಡೆಡ್ ಸ್ಟಾಕ್ ಅಂತೇವೆ. ಇದೆ, ಆದರೆ ಇಲ್ಲ. ಅವತ್ತು ರಾತ್ರಿ ಮನೆಗೆ ಬಂದು ಹಳೇ ಡೈರಿಯಲ್ಲಿ ಬರೆದ ಸಾಲು ಇದು: "ಮೂರನೇ ದಿನವೂ ಟ್ಯಾಂಕರ್ ಬರಲಿಲ್ಲ. ನಾಲ್ಕನೇ ದಿನ ಯಾರೂ ಕೇಳಲಿಲ್ಲ." ಡೀಸೆಲ್ ಬರುವುದೇ ನಿಂತುಹೋದರೆ ಒಂದು ಮನೆ ಏನಾಗುತ್ತದೆ ಎನ್ನುವ ನನ್ನ ಕಾದಂಬರಿ ಶುರುವಾದದ್ದು ಅಲ್ಲಿಂದ. ಮುಗಿಸಲು ನಾಲ್ಕು ವರ್ಷ ಹಿಡಿಯಿತು.

ಮೊದಲ ಸಲ ಬರೆದದ್ದು ಪೂರ್ತಿ ತಪ್ಪಾಗಿತ್ತು. ಎಣ್ಣೆ ನಿಂತ ವಾರಕ್ಕೇ ಊರಿಗೆ ಬೆಂಕಿ, ಅಂಗಡಿ ಲೂಟಿ, ಬಡಿದಾಟ. 90 ಪುಟ ಹಾಗೇ ಹೋಯಿತು. ಓದಿದರೆ ಯಾವುದೋ ಬೇರೆ ದೇಶದ ಊರಿನ ಹಾಗೆ ಕಾಣುತ್ತಿತ್ತು. ಆಮೇಲೆ 2022ರಲ್ಲಿ ಶ್ರೀಲಂಕಾ ಸುದ್ದಿ ದಿನಾ ಬರತೊಡಗಿತು. ಕತ್ತರಿಸಿ ಇಟ್ಟುಕೊಂಡೆ. ಅಲ್ಲಿ ಎಣ್ಣೆ ಭೂಮಿಯಲ್ಲಿ ಮುಗಿದಿರಲಿಲ್ಲ, ಕೊಳ್ಳಲು ಡಾಲರ್ ಮುಗಿದಿತ್ತು. ಜನ ದಿನಗಟ್ಟಲೆ ಸಾಲಿನಲ್ಲಿ ನಿಂತರು. ಸಾಲಿನಲ್ಲೇ ಸತ್ತವರೂ ಇದ್ದರು. ಶಾಲೆ ಮುಚ್ಚಿದವು. ಗ್ಯಾಸ್ ಇಲ್ಲದೆ ಪೇಟೆಯವರೂ ಸೌದೆ ಒಲೆ ಹೂಡಿದರು. ಕೊನೆಗೆ ಕ್ಯೂಆರ್ ಕೋಡ್ ಕೊಟ್ಟು ಪಾಲು ಹಾಕಿದರು. ಬೈಕಿಗೆ ವಾರಕ್ಕೆ 4 ಲೀಟರ್, ಕಾರಿಗೆ 20. ಆ ದೇಶ ನರಳಿದ್ದು ಹೆಚ್ಚಾಗಿ ಕಾಯುತ್ತಾ ಕೂತು. ನನ್ನ 90 ಪುಟಗಳಲ್ಲಿ ಯಾರೂ ಕಾಯುತ್ತಿರಲಿಲ್ಲ. ಅದನ್ನು ಪೂರ್ತಿ ಬಿಟ್ಟೆ.

ಎರಡನೇ ಸಲ ಉದ್ರಿ ಪುಸ್ತಕದಿಂದ ಶುರು ಮಾಡಿದೆ. ನಮ್ಮ ಕಡೆ ರೈತರು ಡೀಸೆಲ್ ಉದ್ರಿ ಹಾಕಿಸಿಕೊಳ್ಳುತ್ತಾರೆ, ಭತ್ತ ಮಾರಿದ ಮೇಲೆ ಕೊಡುತ್ತಾರೆ. ಗೊಬ್ಬರದ ಅಂಗಡಿಯಲ್ಲೂ ಹಾಗೇ. ಟ್ರ್ಯಾಕ್ಟರಿಗೆ ಕಂತು. ಇವೆಲ್ಲ ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ಡೀಸೆಲ್ ಇಲ್ಲ ಅಂದರೆ ಮೊದಲು ನಿಲ್ಲುವುದು ಗಾಡಿ ಅಂತ ನಾನು ತಿಳಿದಿದ್ದೆ. ಅಲ್ಲ. ಮೊದಲು ನಿಲ್ಲುವುದು ಉದ್ರಿ. ನಾಳೆ ಬೆಳೆ ಬರುತ್ತದೆ ಎನ್ನುವ ನಂಬಿಕೆ ಹೋದರೆ ಇವತ್ತು ಯಾರೂ ಯಾರಿಗೂ ಕೊಡುವುದಿಲ್ಲ. ನನ್ನ ಕತೆಯ ಮನೆಯಲ್ಲಿ ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು. ಮಗನಿಗೆ ಕಂತಿನ ಟ್ರ್ಯಾಕ್ಟರ್. ಕತೆಯಲ್ಲಿ ಆ ಮನೆ ಕುಸಿಯುವುದು ಒಂದು ಬೆಳಿಗ್ಗೆ, ಗೊಬ್ಬರದ ಅಂಗಡಿಯವನು ಪುಸ್ತಕ ತೆಗೆಯದೆ "ರೊಕ್ಕ ತಂದೀಯೇನು?" ಎಂದು ಕೇಳಿದಾಗ.

ಎಣ್ಣೆ ಯಾಕೆ ನಿಂತಿತು ಎಂಬುದನ್ನು ಕತೆಯಲ್ಲಿ ಎರಡೇ ಸಾಲಿನಲ್ಲಿ ಹೇಳಿದ್ದೇನೆ. ನಮ್ಮ ದೇಶ ಬಳಸುವ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಕಷ್ಟಕಾಲಕ್ಕೆಂದು ಮಂಗಳೂರು, ಪಾದೂರು, ವಿಶಾಖಪಟ್ಟಣದಲ್ಲಿ ಕಲ್ಲಿನ ಗುಹೆ ಕೊರೆದು 53.3 ಲಕ್ಷ ಟನ್ ಹಿಡಿಯುವಷ್ಟು ಜಾಗ ಮಾಡಿದ್ದಾರೆ. ಅದು ತುಂಬಿದ್ದರೂ ದೇಶಕ್ಕೆ ಸುಮಾರು ಒಂಬತ್ತೂವರೆ ದಿನ. ಓದುಗರಿಗೆ ಇಷ್ಟು ಸಾಕು ಅನ್ನಿಸಿತು. ಕಾರಟಗಿಯ ಮನೆಯವರಿಗೆ ಯಾವ ದೇಶದ ಯುದ್ಧ ಅಂತ ಯಾರು ಬಂದು ಹೇಳುತ್ತಾರೆ?

ಲೆಕ್ಕ ಮಾಡದೆ ನನಗೆ ಬರೆಯಲು ಬರುವುದಿಲ್ಲ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಕರೆಂಟಿನಷ್ಟು ಶಕ್ತಿ ಇರುತ್ತದೆ. ಇಂಜಿನ್ ಅದರಲ್ಲಿ ಹೆಚ್ಚೂಕಡಿಮೆ ಮೂರನೇ ಒಂದು ಪಾಲನ್ನು ಕೆಲಸಕ್ಕೆ ತರುತ್ತದೆ. ಒಬ್ಬ ಗಟ್ಟಿ ಆಳು ಹಗಲೆಲ್ಲ ದುಡಿದರೆ ಅರ್ಧ ಯೂನಿಟ್ ಆಸುಪಾಸು. ಅಂದರೆ ಒಂದು ಲೀಟರಿನ ಬಾಟಲಿಯಲ್ಲಿ ಆರು ಆಳಿನ ಒಂದು ದಿನದ ಬೆವರು ಇದೆ. ಇದನ್ನು ಹಾಳೆಯ ಮೇಲೆ ಬರೆದ ದಿನ ನನಗೆ ಕೈ ನಡುಗಿತು. ನಾನು ದಿನಾ ಎಷ್ಟು ಸಾವಿರ ಲೀಟರ್ ಎಂದು ಬರೆದುಕೊಳ್ಳುತ್ತಿದ್ದೆನೋ ಅಷ್ಟೂ ಆಳುಗಳು ಕಣ್ಣ ಮುಂದೆ ಬಂದು ನಿಂತ ಹಾಗಾಯಿತು. ಯೂರಿಯಾದ್ದೂ ಇದೇ ಕತೆ. ಅದನ್ನು ಮಾಡುವುದು ನೈಸರ್ಗಿಕ ಅನಿಲದಿಂದ. ಅದಿಲ್ಲದೆ ನಮ್ಮ ಸೋನಾ ಮಸೂರಿ ಈಗ ಬರುವಷ್ಟು ಬರುವುದಿಲ್ಲ.

ಎತ್ತಿನ ವಿಷಯದಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೆ. ಟ್ರ್ಯಾಕ್ಟರ್ ನಿಂತ ತಿಂಗಳಲ್ಲೇ ಆ ಮನೆಯವರು ಜೋಡಿ ಎತ್ತು ತಂದು ಹೂಡಿಬಿಡುತ್ತಾರೆ ಎಂದು ಬರೆದಿದ್ದೆ. ನಮ್ಮ ಅತ್ತೆಗೆ ಓದಲು ಬರುವುದಿಲ್ಲ, ರಾತ್ರಿ ನಾನೇ ಓದಿ ಹೇಳುತ್ತೇನೆ. ಕೇಳಿ ಅಂದರು: "ಎಲ್ಲಿಂದ ಬರ್ತಾವವ್ವಾ ಎತ್ತು? ಎಲ್ಲಾರ್ಗೂ ಒಮ್ಮೆಲೆ ಬೇಕಂದ್ರ? ಕರ ಹುಟ್ಟಿ, ಹೋರಿ ಆಗಿ, ನೊಗಕ್ಕ ಹೆಗಲು ಕೊಡಾಕ ಮೂರು ವರ್ಷ ಬೇಕು. ಅಲ್ಲೀತನ ಏನ್ ತಿಂತೀರಿ?" ಆ ಪ್ರಶ್ನೆಯಿಂದ ಕಾದಂಬರಿಯ ನಡುಭಾಗ ಪೂರ್ತಿ ಬದಲಾಯಿತು. ಎತ್ತು ಪಳಗಿಸುವವರು ಎಷ್ಟು ಜನ ಉಳಿದಿದ್ದಾರೆ, ಕೂರಿಗೆ ಮಾಡುವ ಬಡಗಿ ಯಾರು, ಲಾಳ ಕಟ್ಟುವವರು ಎಲ್ಲಿದ್ದಾರೆ ಎಂದು ಸುತ್ತಲಿನ ಊರುಗಳಲ್ಲಿ ಕೇಳುತ್ತಾ ಹೋದೆ. ಕ್ಯೂಬಾದ ಬಗ್ಗೆಯೂ ಓದಿದೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಅಲ್ಲಿಂದ ಬರುವ ಎಣ್ಣೆ ನಿಂತಾಗ ಅವರು ಎತ್ತು ಪಳಗಿಸಿದರು, ಚೀನಾದಿಂದ ಸೈಕಲ್ ತರಿಸಿದರು. 1973ರಲ್ಲಿ ಪೆಟ್ರೋಲ್ ಬೆಲೆ ಏರಿದಾಗ ವಾಜಪೇಯಿಯವರು ಸಂಸತ್ತಿಗೆ ಎತ್ತಿನಗಾಡಿಯಲ್ಲಿ ಹೋಗಿದ್ದರು. ಅವತ್ತು ದೆಹಲಿಯಲ್ಲೂ ಒಂದು ಗಾಡಿ, ಒಂದು ಜೋಡಿ ಎತ್ತು ಸಿಕ್ಕಿತ್ತು. ಇವತ್ತು ನಮ್ಮ ಭತ್ತದ ಹಳ್ಳಿಗಳಲ್ಲೇ ಹುಡುಕಬೇಕು.

ಇನ್ನು ನಾಲೆ. ತುಂಗಭದ್ರಾ ಎಡದಂಡೆ ನಾಲೆಯ ನೀರಿಗೆ ಡೀಸೆಲ್ ಬೇಡ, ಇಳಿಜಾರಿನಲ್ಲಿ ತಾನೇ ಹರಿದು ಬರುತ್ತದೆ. ಹಾಗಾಗಿ ನಮ್ಮ ಊರು ಉಳಿಯುತ್ತದೆ ಎಂದೇ ನಂಬಿದ್ದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಆ ವಾರ ಬಂಕ್‌ನಲ್ಲಿ ಬೇರೆ ಮಾತೇ ಇರಲಿಲ್ಲ. ಎರಡನೇ ಬೆಳೆ ಹೋಯಿತು ಎಂದು ಗಂಡಸರು ಕಣ್ಣೀರು ಹಾಕಿದರು. ಕಬ್ಬಿಣದ ಹಲಗೆಗಳನ್ನು ತಯಾರಿಸಿ, ದೊಡ್ಡ ಲಾರಿಗಳ ಮೇಲೆ ತಂದು, ಕ್ರೇನ್‌ನಲ್ಲಿ ಎತ್ತಿ, ಹರಿಯುವ ನೀರಿನಲ್ಲೇ ಇಳಿಸಿದರು. ಸುಮಾರು ಒಂದು ವಾರದಲ್ಲಿ ನೀರು ನಿಂತಿತು. ಆ ಕೆಲಸ ಮಾಡಿದವರಿಗೆ ಈ ಸೀಮೆಯೆಲ್ಲ ಋಣಿ. ಆದರೆ ನನ್ನ ತಲೆಯಲ್ಲಿ ಒಂದೇ ಯೋಚನೆ ಓಡುತ್ತಿತ್ತು. ಆ ಲಾರಿಗೆ ಡೀಸೆಲ್ ಇಲ್ಲದಿದ್ದರೆ? ಕ್ರೇನಿಗೆ? ಕಾದಂಬರಿಯಲ್ಲಿ ಎಣ್ಣೆ ನಿಂತ ಎರಡನೇ ವರ್ಷ ಒಂದು ಗೇಟ್ ಹೋಗುತ್ತದೆ. ತಡೆಯಲು ಏನೂ ಇರುವುದಿಲ್ಲ. ಸೇತುವೆ ಮೇಲೆ ಜನ ನಿಂತು ನೋಡುತ್ತಾರೆ, ಅಷ್ಟೇ. ಆ ಅಧ್ಯಾಯಕ್ಕೆ ನನಗೆ ಐದು ತಿಂಗಳು ಬೇಕಾಯಿತು.

ಅಲ್ಲಿಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಮೊದಲು ಬೀಳುವುದು ನಮ್ಮ ಹಸಿರು ಊರು. ಹೆಚ್ಚು ದಿನ ತಡೆಯುವುದು ತಾವರಗೇರಾ, ಕುಷ್ಟಗಿ ಕಡೆಯ ಒಣ ಊರು. ಅಲ್ಲಿಯವರು ಸಜ್ಜೆ, ಹುರುಳಿ, ಮಡಿಕೆ ಕಾಳು ಬೆಳೆದು ಉಳಿದವರು. ಕಡಿಮೆ ನೀರು, ಕಡಿಮೆ ಗೊಬ್ಬರ, ಕಡಿಮೆ ಉದ್ರಿ. ನಾವು ಭತ್ತಕ್ಕೆ ಬಿದ್ದು ಜೋಳ ಬಿಟ್ಟೆವು, ಜೋಳದ ಜೊತೆ ದನ ತಿನ್ನುವ ಕಣಿಕೆಯೂ ಹೋಯಿತು. ಆ ಒಣ ಸೀಮೆಯ ಜನ ವರ್ಷಾ ವರ್ಷಾ ನಮ್ಮ ಕಡೆಗೆ ನಾಟಿಗೆ ಬರುತ್ತಿದ್ದರು. ಕೂಲಿ ಹುಡುಕಿಕೊಂಡು ಬೆಂಗಳೂರು, ಗೋವಾ, ಮಂಗಳೂರಿಗೆ ಗುಳೆ ಹೋಗುತ್ತಿದ್ದರು. ಈಗಲೂ ಹೋಗುತ್ತಾರೆ. ನನ್ನ ಕತೆಯಲ್ಲಿ ಗುಳೆ ತಿರುಗುತ್ತದೆ. ನೀರಾವರಿಯ ಮನೆಯವರು ಮೂಟೆ ಹೊತ್ತು ಅಜ್ಜಿಯ ತವರಿಗೆ, ತಾವರಗೇರಾ ಆಚೆಯ ಒಂದು ಹಳ್ಳಿಗೆ ನಡೆಯುತ್ತಾರೆ.

ಆ ದಾರಿ ಬರೆಯಲು ನವಲಿಯಿಂದ ಕನಕಗಿರಿವರೆಗೆ ನಾನೇ ನಡೆದೆ. ಜೊತೆಗೆ ಒಂದು ಮೂಟೆಯಲ್ಲಿ ಹತ್ತು ಕೆ.ಜಿ. ಅಕ್ಕಿ. ಒಂದು ತಾಸಿಗೆ ಭುಜ ಉರಿಯತೊಡಗಿತು. ಮೊದಲಿನ ಕರಡಿನಲ್ಲಿ ಸೊಸೆ ಹೊಲಿಗೆ ಯಂತ್ರವನ್ನೂ ಹೊತ್ತಿದ್ದಳು. ಮನೆಗೆ ಬಂದು ಮೊದಲು ಅದನ್ನು ತೆಗೆದೆ. ಕನಕಗಿರಿಯ ಹಳೇ ವೆಂಕಟಪತಿ ಬಾವಿಯ ಮೆಟ್ಟಿಲ ಮೇಲೆ ಕೂತು ಟಿಪ್ಪಣಿ ಬರೆದುಕೊಂಡೆ. ಕತೆಯಲ್ಲಿ ಆ ಮನೆಯವರ ಮೊದಲ ರಾತ್ರಿ ಅಲ್ಲೇ.

ಒಂದು ಪ್ರಕಾಶನದವರು ಹಸ್ತಪ್ರತಿ ನೋಡಿ, ಗಲಾಟೆ ಕಡಿಮೆ ಇದೆ, ಒಂದು ಕೊಲೆಯಾದರೂ ಇರಲಿ ಅಂದರು. ನಾನು ಒಪ್ಪಲಿಲ್ಲ. ಹಸಿವಿನಲ್ಲಿ ಜನ ಜಗಳ ಆಡುತ್ತಾರೆ, ಕದಿಯುತ್ತಾರೆ, ಅದು ಕತೆಯಲ್ಲೂ ಇದೆ. ಆದರೆ ಆ ಮನೆ ಉಳಿಯುವುದು ಮುಯ್ಯಿಯಿಂದ. ನಿಮ್ಮ ಹೊಲಕ್ಕೆ ನಾನು ಎರಡು ದಿನ, ನನ್ನ ಹೊಲಕ್ಕೆ ನೀವು ಎರಡು ದಿನ. ಅಜ್ಜಿಯ ತವರಿನವರು ಅವರನ್ನು ಸುಮ್ನೆ ಕೂರಿಸಿ ಊಟ ಹಾಕುವುದಿಲ್ಲ. ಅದನ್ನು ಹಾಗೇ ಬರೆದಿದ್ದೇನೆ, ಮೆದು ಮಾಡಿಲ್ಲ.

ಕೊನೆಯ ಭಾಗದಲ್ಲಿ ಕಾಳು ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ಖಾಲಿ ಬಿದ್ದ ಡೀಸೆಲ್ ಟ್ಯಾಂಕಿನಲ್ಲಿ ಕಾಳು ತುಂಬಿಸುವುದು ನನ್ನ ಮೊದಲ ಯೋಚನೆ. ಬಂಕ್‌ನಲ್ಲಿ ಕೆಲಸ ಮಾಡುವವಳಿಗೆ ಅದು ಬಹಳ ಚಂದ ಕಂಡಿತ್ತು. "ಆ ವಾಸನಿ ಜನ್ಮದಾಗ ಹೋಗಂಗಿಲ್ಲ, ಇಲಿ ಸೈತ ಮುಟ್ಟಂಗಿಲ್ಲ" ಅಂದರು ಅತ್ತೆ. ಹಗೇವು ತೋಡಿಸು ಅಂದರು, ಅಂದರೆ ನೆಲದೊಳಗೆ ಕಾಳು ತುಂಬಿಡುವ ಗುಂಡಿ. ಕತೆಯಲ್ಲಿ ಅದನ್ನು ನಮ್ಮ ಊರಲ್ಲೇ ತೋಡಿಸಿದೆ. ಮತ್ತೆ ತಪ್ಪು. ನಾಲೆ ನೀರು ನಿಂತು ನಿಂತು ನಮ್ಮ ನೆಲವೆಲ್ಲ ಸವಳು ಜವಳು. ನೆಲ ತೋಡಿದರೆ ಸ್ವಲ್ಪ ಆಳಕ್ಕೇ ನೀರು ಒಸರುತ್ತದೆ, ಕಾಳು ಕೊಳೆಯುತ್ತದೆ. ಹಗೇವು ಉಳಿಯುವುದು ಒಣ ಸೀಮೆಯ ಗಟ್ಟಿ ನೆಲದಲ್ಲೇ. ಹಾಗಾಗಿ ಅಜ್ಜಿಯ ತವರಿನಲ್ಲಿ, ಮಣ್ಣು ಮುಚ್ಚಿಹೋಗಿದ್ದ ಒಂದು ಹಳೇ ಹಗೇವನ್ನು ಹುಡುಕಿ ತೆಗೆಸಿದೆ. ಅದರ ಬಾಯಿಯ ಚಪ್ಪಡಿ ಸರಿಸಿದ ಕೂಡಲೇ ಮೊಮ್ಮಗ ಖುಷಿಯಿಂದ ಒಳಗೆ ಇಳಿದ ಎಂದು ಬರೆದಿದ್ದೆ.

ಅದನ್ನು ಓದುವಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. "ಹುಡುಗನ್ನ ಇಳಿಸಬ್ಯಾಡವ್ವಾ! ಒಳಗ ಕೆಟ್ಟ ಗಾಳಿ ಇರ್ತೈತಿ. ಮೊದ್ಲ ದೀಪ ಇಳಿಸು." ಅವರ ದನಿಯಲ್ಲಿ ಗಾಬರಿ ಇತ್ತು. ಅವರು ಚಿಕ್ಕವರಿದ್ದಾಗ ಅವರ ಊರಲ್ಲಿ ಒಬ್ಬ ಹಾಗೆ ಇಳಿದು ಮೇಲೆ ಬಂದಿರಲಿಲ್ಲವಂತೆ.

ಅವತ್ತು ರಾತ್ರಿಯೇ ಆ ಪುಟ ಮತ್ತೆ ಬರೆದೆ. ಈಗ ಮೊಮ್ಮಗ ಚಪ್ಪಡಿಯಿಂದ ದೂರ ಕೂತಿದ್ದಾನೆ. ಒಂದು ಹಗಲು ಬಾಯಿ ತೆರೆದಿಟ್ಟಿದ್ದಾರೆ. ಸಂಜೆ ಅಜ್ಜಿ ಹಗ್ಗಕ್ಕೆ ದೀಪ ಕಟ್ಟಿ ಮೆಲ್ಲಗೆ ಇಳಿಸುತ್ತಾಳೆ. ಒಂದು ಮೊಳ, ಎರಡು ಮೊಳ, ಆರು ಮೊಳ. ಎಲ್ಲರೂ ಬಗ್ಗಿ ನೋಡುತ್ತಾರೆ. ತಳ ಮುಟ್ಟಿದ ಮೇಲೂ ದೀಪ ಉರಿಯುತ್ತಿದೆ.